ಕವರಿನ ಮೇಲೆ ಮಾತ್ರೆಯ ಹೆಸರು ಬರೆಯಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಮಂಡಿಪೇಟೆಯಿಂದ ಹಿಡಿದು ಜಗಳೂರು, ಹೊಳಲ್ಕೆರೆ, ಹಿರಿಯೂರಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗಳವರೆಗೆ, ಸಂಜೆ ಹೊತ್ತು ಯಾವ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: 'ಮೈಕೈ ನೋವಿಗೆ ಒಂದು ಸೆಟ್ ಕೊಡ್ರಿ.' ಮೂರ್ನಾಲ್ಕು ಪಟ್ಟಿಗಳಿಂದ ಒಂದೊಂದು ಮಾತ್ರೆ ಕತ್ತರಿಸಿ, ಸಣ್ಣ ಕಾಗದದ ಕವರಿಗೆ ಹಾಕಿ, ಮೇಲೆ 1-0-1 ಎಂದು ಗೀಚಿದರೆ ವ್ಯಾಪಾರ ಮುಗಿಯಿತು. ಯಾವ ನೋವು, ಎಷ್ಟು ದಿನದ್ದು, ಬಿಪಿ ಇದೆಯೇ, ಸಕ್ಕರೆ ಇದೆಯೇ, ಹೊಟ್ಟೆಯಲ್ಲಿ ಹುಣ್ಣಾಗಿತ್ತೇ ಎಂಬ ಪ್ರಶ್ನೆಯೇ ಬರುವುದಿಲ್ಲ. ಕವರು ಕೈಗೆ ಬಂದ ಮೇಲೆ ಅದರೊಳಗೆ ಏನಿದೆ ಎಂದು ತಿಳಿಯುವ ದಾರಿಯೂ ಇಲ್ಲ. ಹೆಸರಿರುವ ತುದಿ, ಅವಧಿ ಮುಗಿಯುವ ದಿನಾಂಕ ಇರುವ ತುದಿ ಎರಡೂ ಅಂಗಡಿಯ ಡಬ್ಬಿಯಲ್ಲೇ ಉಳಿದಿರುತ್ತವೆ.

ಇಂಥ ಸೆಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಅಸಿಕ್ಲೋಫೆನಾಕ್ ಅಥವಾ ಡೈಕ್ಲೋಫೆನಾಕ್, ಅದರ ಜೊತೆಗೇ ಬೆರೆತ ಪ್ಯಾರಾಸಿಟಮಾಲ್, ಸ್ನಾಯು ಸಡಿಲಿಸುವ ಇನ್ನೊಂದು ಮಾತ್ರೆ, ಒಂದು ಗ್ಯಾಸ್ ಮಾತ್ರೆ. ಕೆಲವು ಕವರುಗಳಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಐದನೆಯದೊಂದು ಇರುತ್ತದೆ. ಮೊದಲ ದಿನವೇ 'ಕೈ ಗುಣ ಚೆನ್ನಾಗಿದೆ' ಅನ್ನಿಸುವುದು ಅದರಿಂದ. ಅದು ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್ 0.75 ಮಿಲಿಗ್ರಾಂ ಎಂದರೆ ಪ್ರೆಡ್ನಿಸೋಲೋನ್ 5 ಮಿಲಿಗ್ರಾಮಿಗೆ ಸಮ. ಗಾತ್ರ ನೋಡಿ ಹಗುರವಾಗಿ ಎಣಿಸುವಂತಿಲ್ಲ.

ಸ್ಟೀರಾಯ್ಡ್ ಕೆಟ್ಟ ಔಷಧವಲ್ಲ. ಸಂಧಿವಾತಕ್ಕೆ, ಆಸ್ತಮಾಕ್ಕೆ, ಮಿದುಳಿನ ಊತಕ್ಕೆ ವೈದ್ಯರಾದ ನಾವೇ ಬರೆದುಕೊಡುತ್ತೇವೆ. ಆದರೆ ಹೆಸರು ಗೊತ್ತಿಲ್ಲದೆ ಆರು ತಿಂಗಳು, ವರ್ಷಗಟ್ಟಲೆ ನುಂಗಿದವರ ಗತಿ ಬೇರೆ. ಮುಖ ದುಂಡಗಾಗಿ ಊದುತ್ತದೆ, ಹೊಟ್ಟೆ ಬಂದು ಕೈಕಾಲು ಸಣಕಲಾಗುತ್ತವೆ, ಚರ್ಮ ತೆಳುವಾಗಿ ಮುಟ್ಟಿದಲ್ಲೆಲ್ಲ ನೀಲಿಗಟ್ಟುತ್ತದೆ. ಇಲ್ಲದ ಸಕ್ಕರೆ ಕಾಯಿಲೆ ಬರುತ್ತದೆ, ಇದ್ದದ್ದು ಕೈಮೀರುತ್ತದೆ. ಮೂಳೆ ಟೊಳ್ಳಾಗಿ, ಕೊಡಪಾನ ಎತ್ತಿದ್ದಕ್ಕೇ ಬೆನ್ನುಮೂಳೆ ಕುಸಿದ ಹೆಂಗಸರುಂಟು. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ನಲವತ್ತರ ಗಂಡಸು ಕುಂಟುತ್ತಾನೆ. ಇದೆಲ್ಲಕ್ಕಿಂತ ಗಾಬರಿಯ ಸಂಗತಿ ಇನ್ನೊಂದಿದೆ. ಹೊರಗಿನಿಂದ ದಿನಾ ಸ್ಟೀರಾಯ್ಡ್ ಸಿಗುತ್ತಿದ್ದರೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ತನ್ನದನ್ನು ತಯಾರಿಸುವುದನ್ನೇ ಬಿಟ್ಟುಬಿಡುತ್ತದೆ. ಅಂಥವರು ಒಮ್ಮೆಲೇ ಕವರು ನಿಲ್ಲಿಸಿದರೆ, ಅದರ ಮೇಲೆ ಒಂದು ಜ್ವರವೋ ಭೇದಿಯೋ ಬಂದರೆ, ಬಿಪಿ ಕುಸಿದು ಜೀವಕ್ಕೇ ಕುತ್ತು. ಆದ್ದರಿಂದ ಇದನ್ನು ಓದಿ ಹೆದರಿ ಯಾರೂ ಇವತ್ತೇ ಎಸೆಯಬಾರದು. ಕವರಿನ ಮಾತ್ರೆ ಮೂರು ನಾಲ್ಕು ವಾರಕ್ಕಿಂತ ಹೆಚ್ಚು ನಡೆದಿದ್ದರೆ, ಉಳಿದ ಮಾತ್ರೆಗಳನ್ನು ಹಾಗೇ ಹಿಡಿದುಕೊಂಡು ವೈದ್ಯರ ಬಳಿ ಹೋಗಬೇಕು. ಅವರು ಪ್ರಮಾಣ ಇಳಿಸುತ್ತಾ ಬಂದು ಬಿಡಿಸುತ್ತಾರೆ.

ನೋವು ಒಂದೇ ಜಾತಿಯದ್ದಲ್ಲ ಎನ್ನುವುದು ಅಂಗಡಿಯ ಸೆಟ್ಟಿಗೆ ಗೊತ್ತಿಲ್ಲ. ಪೆಟ್ಟು, ಉಳುಕು, ಸುಟ್ಟಗಾಯ, ಆಪರೇಷನ್, ಹಲ್ಲುನೋವು, ಇವು ಹೊಸ ನೋವು. ಗಾಯ ಮಾಗಿದಂತೆ ನೋವೂ ಇಳಿಯಬೇಕು. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತೇವೆ. ಅಷ್ಟು ಹೊತ್ತಿಗೆ ಪೆಟ್ಟಾದ ಜಾಗ ವಾಸಿಯಾಗಿದ್ದರೂ ನರ, ಬೆನ್ನುಹುರಿ, ಮಿದುಳು ನೋವಿನ ಸುದ್ದಿಯನ್ನು ದೊಡ್ಡದು ಮಾಡಿ ಸಾಗಿಸುವುದನ್ನು ರೂಢಿ ಮಾಡಿಕೊಂಡಿರುತ್ತವೆ. ಹೊಸ ನೋವಿಗೆ ಕೆಲಸ ಮಾಡಿದ ಮಾತ್ರೆ ಹಳೆಯದಕ್ಕೆ ನಾಟುವುದಿಲ್ಲ. ನಾಟಲಿಲ್ಲವೆಂದು ಎರಡರ ಜಾಗದಲ್ಲಿ ನಾಲ್ಕು ನುಂಗಿದರೆ ನೋವು ಇದ್ದಲ್ಲೇ ಇರುತ್ತದೆ, ಕಿಡ್ನಿ ಹೋಗುತ್ತದೆ.

ಹೊಸ ನೋವಿಗೆ ಮೊದಲು ಪ್ಯಾರಾಸಿಟಮಾಲ್. ದೊಡ್ಡವರಿಗೆ ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂ, ಎರಡು ಮಾತ್ರೆಗಳ ನಡುವೆ ಕನಿಷ್ಠ 4ರಿಂದ 6 ಗಂಟೆ, ಎಲ್ಲ ಸೇರಿ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ 50 ಕೆ.ಜಿ.ಗಿಂತ ಕಡಿಮೆ ಇದ್ದರೆ, ಲಿವರ್ ತೊಂದರೆ ಇದ್ದರೆ, ದಿನಾ ಕುಡಿಯುವವರಾದರೆ ಇನ್ನೂ ಕಡಿಮೆ; ಎಷ್ಟೆಂದು ವೈದ್ಯರೇ ಹೇಳಬೇಕು. ಜನ ತಪ್ಪುವುದು ಲೆಕ್ಕದಲ್ಲಿ. ನೋವಿನ ಮಾತ್ರೆಯಲ್ಲಿ 325, ನೆಗಡಿ ಮಾತ್ರೆಯಲ್ಲಿ 500, ಜ್ವರದ ಮಾತ್ರೆಯಲ್ಲಿ 650, ಮೂರರಲ್ಲೂ ಇರುವುದು ಅದೇ ಪ್ಯಾರಾಸಿಟಮಾಲ್. ಮೂರನ್ನೂ ದಿನಕ್ಕೆ ಮೂರು ಸಲ ನುಂಗಿದರೆ 4.4 ಗ್ರಾಂ ಆಯಿತು. ಲಿವರ್ ಕೆಟ್ಟರೆ ಮೊದಲ ದಿನ ಏನೂ ಕಾಣುವುದಿಲ್ಲ, ವಾಕರಿಕೆ ಬಿಟ್ಟರೆ. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ.

ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪಿನ ವಿಷಯ ಇನ್ನೂ ಸೂಕ್ಷ್ಮ. ಲೆಕ್ಕ ವಯಸ್ಸಿನದ್ದಲ್ಲ, ತೂಕದ್ದು: ಒಂದು ಕೆ.ಜಿ.ಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಹನ್ನೆರಡು ಕೆ.ಜಿ. ಮಗುವಿಗೆ ಹೆಚ್ಚೆಂದರೆ 180 ಮಿಲಿಗ್ರಾಂ. ಬಾಟಲಿಯ ಮೇಲೆ '5 ಮಿ.ಲೀ.ಗೆ 250' ಎಂದಿದ್ದರೆ ಅದು ಮೂರೂವರೆ ಮಿ.ಲೀ.; '5 ಮಿ.ಲೀ.ಗೆ 120' ಎಂದಿದ್ದರೆ ಏಳೂವರೆ ಮಿ.ಲೀ. ಎಳೆಗೂಸಿನ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ ಖಾಲಿಯಾಯಿತೆಂದು ಡ್ರಾಪ್ಸನ್ನು ಚಮಚದಲ್ಲಿ ಅಳೆದು ಕುಡಿಸಿದರೆ ಒಂದೇ ಏಟಿಗೆ 500 ಮಿಲಿಗ್ರಾಂ ಒಳಗೆ ಹೋಗುತ್ತದೆ. ಅಡುಗೆಮನೆಯ ಚಮಚ ಬಿಟ್ಟು ಬಾಟಲಿ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ನೋವಿನ ಔಷಧ ಕೊಡುವುದನ್ನು ನಮ್ಮ ದೇಶ 2011ರಲ್ಲೇ ನಿಷೇಧಿಸಿದೆ. ದೊಡ್ಡವರ ಮಾತ್ರೆ ಮುರಿದು ಅರ್ಧ ಕೊಡುವ ಅಭ್ಯಾಸದಲ್ಲಿ ಅದು ಮತ್ತೆ ಮಗುವಿನ ಬಾಯಿಗೆ ಬರುತ್ತದೆ.

ಪ್ಯಾರಾಸಿಟಮಾಲಿನ ಮೇಲಿನ ಮೆಟ್ಟಿಲು ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೋಕ್ಸೆನ್ ಗುಂಪು. ಬಾವು ಇರುವ ನೋವಿಗೆ, ಉಳುಕಿಗೆ, ಹಲ್ಲಿಗೆ, ಮುಟ್ಟಿನ ಹೊಟ್ಟೆನೋವಿಗೆ ಇವು ಒಳ್ಳೆಯವು. ಊಟದ ನಂತರ, ಆದಷ್ಟು ಕಡಿಮೆ ಪ್ರಮಾಣ, ಆದಷ್ಟು ಕಡಿಮೆ ದಿನ. ವೈದ್ಯರನ್ನು ಕಾಣದೆ ಐದು ದಿನ ದಾಟಿಸಬಾರದು. ಈ ಗುಂಪಿನ ಎರಡನ್ನು ಒಟ್ಟಿಗೆ ನುಂಗಿದರೆ ನೋವು ಎರಡು ಪಾಲು ಇಳಿಯುವುದಿಲ್ಲ, ಹೊಟ್ಟೆಯ ಹುಣ್ಣು ಮಾತ್ರ ಬೇಗ ಆಗುತ್ತದೆ. ಮಲ ಡಾಂಬರಿನಂತೆ ಕಪ್ಪಗಾದರೆ ಒಳಗೆ ರಕ್ತ ಸೋರುತ್ತಿದೆ ಎಂದು ಅರ್ಥ. ಗ್ಯಾಸ್ ಮಾತ್ರೆ ಜೊತೆಗಿದೆಯಲ್ಲ ಎಂಬ ಧೈರ್ಯ ಹೊಟ್ಟೆಯ ಮಟ್ಟಿಗೆ ಸ್ವಲ್ಪ ಸರಿ. ಕಿಡ್ನಿಯನ್ನೂ ಹೃದಯವನ್ನೂ ಅದು ಕಾಯುವುದಿಲ್ಲ.

ಕಿಡ್ನಿಯ ಮಾತು ನಮ್ಮ ಊರಿಗೆ ನೇರವಾಗಿ ತಾಗುವಂಥದ್ದು. ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾಯಿಸುವ ಒಲೆಯ ಮುಂದೆ ನಿಂತವರು, ಎಪಿಎಂಸಿ ಅಂಗಳದಲ್ಲಿ ಬಿಸಿಲಲ್ಲಿ ಚೀಲ ಹೊರುವ ಹಮಾಲರು, ಬೇಸಿಗೆಯಲ್ಲಿ ಇಟ್ಟಿಗೆ ಗೂಡಿನವರು ಬೆವರಿನಲ್ಲೇ ಲೀಟರ್‌ಗಟ್ಟಲೆ ನೀರು ಕಳೆದುಕೊಳ್ಳುತ್ತಾರೆ. ನೀರು ಕಡಿಮೆಯಾದಾಗ ಕಿಡ್ನಿಯ ರಕ್ತನಾಳವನ್ನು ತೆರೆದಿಟ್ಟುಕೊಳ್ಳಲು ದೇಹ ಪ್ರೊಸ್ಟಾಗ್ಲಾಂಡಿನ್ ಎಂಬ ಪದಾರ್ಥ ಬಳಸುತ್ತದೆ. ಡೈಕ್ಲೋಫೆನಾಕ್ ಗುಂಪಿನ ಮಾತ್ರೆಗಳು ತಡೆಯುವುದು ಅದನ್ನೇ. ಹೀಗಾಗಿ ಕೆಲಸ ಮುಗಿಸಿ, ನೀರು ಕುಡಿಯದೆ, ರಾತ್ರಿ ಒಂದು ಸೆಟ್ ನುಂಗಿ ಮಲಗುವುದು ಕಿಡ್ನಿಗೆ ಎರಡು ಕಡೆಯಿಂದ ಹೊಡೆದಂತೆ. ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಇವೆರಡರ ಮೇಲೆ ನೋವಿನ ಮಾತ್ರೆ ಸೇರಿದರೆ ಮೂರನೆಯ ಹೊಡೆತ. ಇಂಥವರಿಗೆ ಪ್ಯಾರಾಸಿಟಮಾಲ್, ಹಚ್ಚುವ ಡೈಕ್ಲೋಫೆನಾಕ್ ಜೆಲ್, ಶಾಖ, ಇವೇ ಮೇಲು. ಆಮೇಲೂ ಬೇಕಾದರೆ ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿಕೊಂಡೇ ಮುಂದಿನ ಮಾತು.

ಜ್ವರದ ಜೊತೆಗೆ ಮೈಕೈ ನೋವು ಬಂದಾಗ, ಅದರಲ್ಲೂ ಮಳೆಗಾಲದ ಆಚೀಚೆ, ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಚಿಕುನ್‌ಗುನ್ಯಾದಲ್ಲಿ ಜ್ವರ ಬಿಟ್ಟ ಮೇಲೂ ಕೀಲು ನೋವು ತಿಂಗಳುಗಟ್ಟಲೆ ಕಾಡುವುದುಂಟು. 2006ರಲ್ಲಿ ರಾಜ್ಯದ ಬಹುಭಾಗ ಅದನ್ನು ಕಂಡಿದೆ. ಅದಕ್ಕೆ ಚಿಕಿತ್ಸೆಯ ದಾರಿಯೇ ಬೇರೆ.

'ಸೂಜಿ ಹಾಕಿಸಿಕೊಂಡರೆ ಬೇಗ ಕಡಿಮೆ' ಎಂಬ ನಂಬಿಕೆಯ ಬಗ್ಗೆ ಒಂದು ಮಾತು. ಬಾಯಿಂದ ನುಂಗಲು ಆಗುವವರಿಗೆ ಡೈಕ್ಲೋಫೆನಾಕ್ ಸೂಜಿಯಿಂದ ಸಿಗುವ ಹೆಚ್ಚುವರಿ ಲಾಭ ಸ್ವಲ್ಪ ಹೊತ್ತಿನದ್ದಷ್ಟೇ. ಅನುಭವವಿಲ್ಲದವರು ಪಿರ್ರೆಯ ತಪ್ಪು ಜಾಗಕ್ಕೆ ಚುಚ್ಚಿದರೆ ಸಯಾಟಿಕ್ ನರಕ್ಕೆ ತಗುಲಿ ಪಾದ ಮೇಲೆತ್ತಲಾಗದೆ ಜೋತುಬೀಳುತ್ತದೆ. ಎದೆನೋವು, ಎಡತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ಬೆವರು, ಉಬ್ಬಸ, ಇವಕ್ಕೆ 'ಗ್ಯಾಸ್ ಸೂಜಿ' ಹಾಕಿಸಿಕೊಂಡು ಮನೆಗೆ ಹೋಗುವುದಂತೂ ಕೂಡದು. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಕಡೆ ನೇರ ಹೋಗಬೇಕು.

ಮೂಳೆ ಮುರಿತಕ್ಕೆ ಬಿದಿರು ದಬ್ಬೆ ಇಟ್ಟು ಕಟ್ಟಿಸಿಕೊಳ್ಳುವುದು ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಇನ್ನೂ ನಡೆದಿದೆ. ಕಟ್ಟುವವರನ್ನು ಜರೆಯುವುದು ನಮ್ಮ ಉದ್ದೇಶವಲ್ಲ, ಬಿಗಿಯನ್ನು ನೋಡಿ ಎನ್ನುವುದಷ್ಟೇ. ಮುರಿದ ಜಾಗ ಮೊದಲ ಎರಡು ದಿನ ಊದುತ್ತಲೇ ಇರುತ್ತದೆ. ಕಟ್ಟು ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ ಸ್ನಾಯುವಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಗುರುತು ಹೀಗೆ: ಪೆಟ್ಟಿಗೆ ಮೀರಿದ, ಮಾತ್ರೆಗೆ ಬಗ್ಗದ ನೋವು, ಬೆರಳನ್ನು ಬೇರೆಯವರು ಮೆಲ್ಲಗೆ ಚಾಚಿಸಿದರೆ ಪ್ರಾಣ ಹೋದಂಥ ಸಂಕಟ, ಬೆರಳ ತುದಿ ಜೋಮು, ತಣ್ಣಗಾಗುವುದು, ಬಿಳಿಚುವುದು. ನಾಡಿ ಸಿಕ್ಕಿತೆಂದು ಸಮಾಧಾನಪಡಬಾರದು, ಅದು ಕೊನೆಯವರೆಗೂ ಸಿಗಬಹುದು. ಕೈಯಲ್ಲಿರುವುದು ಸುಮಾರು ಆರು ಗಂಟೆ. ಕಟ್ಟನ್ನು ಬಟ್ಟೆಯ ಕೊನೆಯ ಪದರದವರೆಗೂ ಬಿಚ್ಚಿ, ಕೈಯನ್ನು ಎದೆಯ ಮಟ್ಟದಲ್ಲಿಟ್ಟುಕೊಂಡು ಆಸ್ಪತ್ರೆಗೆ ಓಡಬೇಕು. ಆಸ್ಪತ್ರೆಯಲ್ಲೇ ಹಾಕಿದ ಪ್ಲಾಸ್ಟರ್ ಆದರೂ ಇದೇ ಮಾತು. 'ಪ್ಲಾಸ್ಟರ್ ಅಂದ್ರೆ ನೋವು ಇದ್ದದ್ದೇ' ಎಂದು ರಾತ್ರಿ ಕಳೆಯಬಾರದು.

ಆಪರೇಷನ್ ಆದವರು ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಹೊಟ್ಟೆ ಕೊಯ್ದ ನೋವಿಗೆ ಹೆದರಿ ಕೆಮ್ಮದಿದ್ದರೆ, ಉಸಿರು ಪೂರ್ತಿ ಎಳೆಯದಿದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಏಳದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿಯುವ ಮೊದಲೇ ಮುಂದಿನ ಔಷಧ ಒಳಗೆ ಹೋಗಿರಬೇಕು. ನರ್ಸ್ ಬಂದಾಗ 'ಪರವಾಗಿಲ್ಲ' ಎನ್ನುವ ಬದಲು ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಅಂಕಿಯಲ್ಲಿ ಹೇಳಿ. ಮಲಗಿದಾಗ ಎಷ್ಟು, ಕೆಮ್ಮಿದಾಗ ಎಷ್ಟು ಎಂದು ಬೇರೆ ಬೇರೆ ಹೇಳಿದರೆ ಇನ್ನೂ ಒಳ್ಳೆಯದು. ನೋವಿನ ಔಷಧ ಕೊಟ್ಟರೆ ಗಾಯ ಮಾಯುವುದಿಲ್ಲ ಎಂಬ ಮಾತನ್ನು ನೋಡಲು ಬಂದ ನೆಂಟರು ಹೇಳುತ್ತಾರೆ. ಕೇಳಿಸಿಕೊಂಡು ಸುಮ್ಮನಿರಿ.

ಇನ್ನು ಹಳೆಯ ನೋವುಗಳು. ಸೊಂಟನೋವಿನಿಂದ ಶುರು ಮಾಡಬೇಕು, ಏಕೆಂದರೆ ಅತಿ ಹೆಚ್ಚು ದುಡ್ಡು ಹಾಳಾಗುವುದು ಅಲ್ಲೇ. ನೋವು ಬಂದ ವಾರಕ್ಕೇ ಎಂಆರ್‌ಐ ಮಾಡಿಸಿ, 'ಡಿಸ್ಕ್ ಉಬ್ಬಿದೆ' ಎಂಬ ವರದಿ ಹಿಡಿದು ಅಳುತ್ತಾ ಬರುತ್ತಾರೆ. ಸೊಂಟನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದಾಗ ಇಪ್ಪತ್ತರ ವಯಸ್ಸಿನಲ್ಲಿ ಸುಮಾರು ನೂರಕ್ಕೆ 30 ಮಂದಿಗೆ, ಎಂಬತ್ತರಲ್ಲಿ ನೂರಕ್ಕೆ 84 ಮಂದಿಗೆ ಡಿಸ್ಕ್ ಉಬ್ಬು ಕಂಡಿದೆ. ತಲೆಗೂದಲು ನರೆತಂತೆ ಅದೂ ಒಂದು. ಸ್ಕ್ಯಾನ್ ಕೂಡಲೇ ಬೇಕಾದವರು ಬೇರೆ: ಮೂತ್ರ ಕಟ್ಟಿದವರು ಅಥವಾ ಅರಿವಿಲ್ಲದೆ ಮೂತ್ರ ಹೋಗುವವರು, ಕೂರುವ ಜಾಗ ಮರಗಟ್ಟಿದವರು, ಕಾಲಿನ ಬಲ ಇಳಿಯುತ್ತಿರುವವರು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇರುವವರು, ಕ್ಯಾನ್ಸರ್ ಬಂದು ಹೋದವರು, ಬಿದ್ದ ನಂತರ ನೋವು ಬಂದ ವಯಸ್ಸಾದವರು. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಅಪರೂಪವೇನಲ್ಲ. ಈ ಪಟ್ಟಿಯ ಮೊದಲ ಮೂರು ಲಕ್ಷಣಗಳಲ್ಲಿ ಯಾವುದೇ ಒಂದು ಇದ್ದವರು ಬೆಳಗಾಗುವವರೆಗೂ ಕಾಯಬಾರದು.

ಉಳಿದವರು ಎರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬಾರದು. ಮಲಗಿದಷ್ಟೂ ಬೆನ್ನಿನ ಸ್ನಾಯು ಸೊರಗುತ್ತದೆ. ನಾಲೆ ಬಯಲಿನಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ಬಗ್ಗುವುದನ್ನೇ ಬಿಡಿ ಎಂದು ಹೇಳಿ ಪ್ರಯೋಜನವಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟದ ಮೇಲೆ ಎರಡೂ ಕೈ ಇಟ್ಟು ಐದು ಸಲ ಹಿಂದಕ್ಕೆ ಬಾಗಿ, ಸಸಿ ಕಟ್ಟನ್ನು ದೂರದಿಂದ ಎಳೆದುಕೊಳ್ಳದೆ ಪಕ್ಕಕ್ಕೇ ಹಾಕಿಸಿಕೊಂಡರೆ ಸಂಜೆಯ ನೋವು ಬೇರೆಯೇ ಇರುತ್ತದೆ.

ಮಂಡಿನೋವಿಗೆ ಔಷಧಕ್ಕಿಂತ ತೊಡೆಯ ಮುಂಭಾಗದ ಸ್ನಾಯು ಮುಖ್ಯ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿ ಮಾಡಿ ಟವೆಲ್ಲನ್ನು ಕೆಳಕ್ಕೆ ಒತ್ತಬೇಕು. ಐದು ಸೆಕೆಂಡ್ ಹಿಡಿದು ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತಪ್ಪಾಗುವುದು ಎಲ್ಲಿ ಎಂದರೆ, ತೊಡೆಯ ಬದಲು ಪಿರ್ರೆಯನ್ನು ಬಿಗಿ ಹಿಡಿಯುತ್ತಾರೆ, ಉಸಿರು ಕಟ್ಟಿಕೊಳ್ಳುತ್ತಾರೆ. ಮಂಡಿಚಿಪ್ಪಿನ ಮೇಲೆ ಬೆರಳಿಟ್ಟು ನೋಡಿ: ಸರಿಯಾಗಿ ಒತ್ತಿದರೆ ಚಿಪ್ಪು ತೊಡೆಯ ಕಡೆಗೆ ಜರುಗಿದ್ದು ಬೆರಳಿಗೆ ತಿಳಿಯುತ್ತದೆ. ವ್ಯಾಯಾಮದ ನಂತರ ಎರಡು ಗಂಟೆ ಮೀರಿ ನೋವು ಉಳಿದರೆ ಮರುದಿನ ಅರ್ಧಕ್ಕೆ ಇಳಿಸಿ, ಬಿಡಬೇಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರದಲ್ಲಿ ಬಿಟ್ಟವರೇ 'ಫಿಸಿಯೋಥೆರಪಿ ನಮಗೆ ಆಗಿಬರಲಿಲ್ಲ' ಎನ್ನುವವರು. ತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. ಊರುಗೋಲು ನೋವಿರುವ ಮಂಡಿಯ ಕಡೆಗಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಮಂಡಿಯೊಳಗೆ ಕೊಡುವ ಸ್ಟೀರಾಯ್ಡ್ ಸೂಜಿ ಕೆಲವು ವಾರ ಆರಾಮ ಕೊಡುತ್ತದೆ; ಎರಡರ ನಡುವೆ ಕನಿಷ್ಠ ಮೂರು ತಿಂಗಳು ಬಿಡಬೇಕು, ಸಕ್ಕರೆ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಸೂಜಿಯ ನಂತರ ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ತೋರಿಸಬೇಕು.

ಚಿತ್ರದುರ್ಗ, ಜಗಳೂರು ಕಡೆಯ ಸೊಂಟ, ಕತ್ತು, ಕೀಲು ನೋವಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕುಡಿಯುವುದು ಯಾವ ನೀರು? ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಕುಡಿಯಲು ಯೋಗ್ಯವಲ್ಲ. ಇದಕ್ಕಿಂತ ಬಹಳ ಹೆಚ್ಚಿರುವ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಹಲಗೆಯಂತಾಗುತ್ತದೆ, ಕತ್ತು ತಿರುಗುವುದಿಲ್ಲ, ಕೂತರೆ ಏಳಲಾಗುವುದಿಲ್ಲ. ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದರೆ ಅನುಮಾನ ಗಟ್ಟಿ. ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದು ಕಾಣುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ದಟ್ಟವಾಗುತ್ತದೆ. ಫ್ಲೋರೈಡನ್ನು ಹೊರಹಾಕುವುದು ಕಿಡ್ನಿ. ಅದನ್ನೇ ನೋವಿನ ಮಾತ್ರೆಯಿಂದ ಕೆಡಿಸಿಕೊಂಡರೆ ಫ್ಲೋರೈಡ್ ಇನ್ನಷ್ಟು ಒಳಗೇ ಉಳಿಯುತ್ತದೆ. ಇಲ್ಲಿ ಮೊದಲ ಔಷಧ ಊರಿನ ಶುದ್ಧ ನೀರಿನ ಘಟಕ, ಅದೂ ಸಮಯಕ್ಕೆ ಸರಿಯಾಗಿ ನೀರು ಸೋಸುವ ಪೊರೆ ಬದಲಿಸಿದ ಘಟಕ.

ಉರಿ, ಜುಮುಗುಡುವಿಕೆ, ಕರೆಂಟ್ ಹೊಡೆದಂಥ ಚಳಕು, ಚಾದರ ತಗುಲಿದರೂ ನೋವು ಎನ್ನುವುದು ನರದ ನೋವು. ಸಕ್ಕರೆ ಕಾಯಿಲೆಯವರ ಪಾದದಲ್ಲಿ, ಸರ್ಪಸುತ್ತು ವಾಸಿಯಾದ ಜಾಗದಲ್ಲಿ ಸಾಮಾನ್ಯ. ಡೈಕ್ಲೋಫೆನಾಕ್ ಇದಕ್ಕೆ ಏನೂ ಮಾಡುವುದಿಲ್ಲ. ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿಲಿಗ್ರಾಂ, ಅಥವಾ ಪ್ರೆಗಾಬಲಿನ್ 75 ಮಿಲಿಗ್ರಾಂ, ಹೀಗೆ ಸಣ್ಣದರಿಂದ ಶುರುಮಾಡಿ ನಿಧಾನ ಏರಿಸುತ್ತೇವೆ. ಅಮಿಟ್ರಿಪ್ಟಿಲಿನ್ ಪಟ್ಟಿಯ ಮೇಲೆ ಖಿನ್ನತೆಯ ಔಷಧ ಎಂದು ಓದಿ 'ನನಗೆ ತಲೆ ಕೆಟ್ಟಿದೆ ಅಂದ್ಕೊಂಡ್ರಾ' ಎಂದು ಸಿಟ್ಟಾಗುವವರಿದ್ದಾರೆ. ನರದ ನೋವಿಗೆ ಬೇಕಾಗುವ ಪ್ರಮಾಣ ಖಿನ್ನತೆಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಮೊದಲ ವಾರ ಬಾಯಿ ಒಣಗುತ್ತದೆ, ಬೆಳಗ್ಗೆ ಮಂಪರು. ಪ್ರೊಸ್ಟೇಟ್, ಗ್ಲಾಕೋಮಾ, ಹೃದಯದ ಬಡಿತದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಪ್ರೆಗಾಬಲಿನ್‌ನಿಂದ ತಲೆಸುತ್ತು, ಕಾಲು ಊತ ಬರಬಹುದು. ಬೈಕ್ ಓಡಿಸುವವರು ಮೊದಲ ದಿನಗಳಲ್ಲಿ ಓಡಿಸಬಾರದು, ಬಿಡುವಾಗ ಒಂದು ವಾರವಾದರೂ ಹಂತಹಂತವಾಗಿ ಬಿಡಬೇಕು. ಸರ್ಪಸುತ್ತಿಗೆ ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ಔಷಧ ಶುರುವಾಗಬೇಕು. ಕೆಮ್ಮಣ್ಣು ಬಳಿದು ಚಿತ್ರ ಬರೆಸಿಕೊಳ್ಳುವುದರಲ್ಲಿ ಆ ಮೂರು ದಿನವೇ ಕಳೆದುಹೋಗುತ್ತದೆ.

ತಲೆನೋವಿಗೆ ತಿಂಗಳಲ್ಲಿ 15 ದಿನ ಮೀರಿ ಮಾತ್ರೆ ನುಂಗುವವರಿಗೆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಕ್ಯಾಲೆಂಡರಿನ ಮೇಲೆ ಮಾತ್ರೆ ನುಂಗಿದ ದಿನಕ್ಕೊಂದು ಗೆರೆ ಎಳೆದು ವೈದ್ಯರಿಗೆ ತೋರಿಸಿದರೆ ಅರ್ಧ ರೋಗ ಪತ್ತೆಯಾದಂತೆ.

ಕ್ಯಾನ್ಸರ್ ನೋವಿನ ಬಗ್ಗೆ ಬರೆಯುವಾಗ ನಮಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಮಾರ್ಫಿನ್ ಎಂಬ ಔಷಧ ಇದೆ, ಅಗ್ಗವಾಗಿದೆ, ಅದಕ್ಕೆ ಬೇಕಾದ ಅಫೀಮು ನಮ್ಮ ದೇಶದಲ್ಲೇ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಔಷಧಗಳನ್ನು ಸೌಮ್ಯದಿಂದ ಮಾರ್ಫಿನ್‌ವರೆಗೆ ಮೂರು ಮೆಟ್ಟಿಲುಗಳಾಗಿ 1986ರಲ್ಲೇ ಹೇಳಿಕೊಟ್ಟಿದೆ. ಮಾದಕ ವಸ್ತುಗಳ ಕಾಯ್ದೆಯನ್ನು 2014ರಲ್ಲಿ ತಿದ್ದಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನು ಸುಲಭ ಮಾಡಿದ್ದೂ ಆಯಿತು. ಆದರೂ ಹಳ್ಳಿಯ ಮನೆಯಲ್ಲಿ ರೋಗಿ ಮೂರು ಹೊತ್ತೂ ನರಳುತ್ತಿರುತ್ತಾರೆ, ಮನೆಯವರು 'ಮಾರ್ಫಿನ್ ಅಂದ್ರೆ ಕೊನೆ ಬಂತು ಅಂತ ಅರ್ಥ' ಎಂದು ಬೇಡವೆನ್ನುತ್ತಾರೆ.

ಬಾಯಿಂದ ಕೊಡುವ ಮಾರ್ಫಿನ್ ಸಾಮಾನ್ಯವಾಗಿ 5 ಅಥವಾ 10 ಮಿಲಿಗ್ರಾಮಿನಿಂದ ಶುರು, ನಾಲ್ಕು ಗಂಟೆಗೊಮ್ಮೆ. ನೋವು ಬಂದಾಗ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ರಾತ್ರಿ ಮಲಗುವಾಗ ಎರಡು ಪಾಲು ಕೊಟ್ಟರೆ ನಡುರಾತ್ರಿ ಎಬ್ಬಿಸಬೇಕಾಗಿಲ್ಲ. ನಡುವೆ ನೋವು ಉಕ್ಕಿದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಪಾಲು ಹೆಚ್ಚುವರಿ. ದಿನಕ್ಕೆ 60 ಮಿಲಿಗ್ರಾಂ ಆಗುತ್ತಿದ್ದರೆ 10. ಆ ಹೆಚ್ಚುವರಿ ಎಷ್ಟು ಸಲ ಬೇಕಾಯಿತು ಎಂದು ಬರೆದಿಟ್ಟರೆ ಮುಂದಿನ ಭೇಟಿಯಲ್ಲಿ ಪ್ರಮಾಣ ಹೊಂದಿಸುವುದು ಸುಲಭ. ವಾಕರಿಕೆ, ಮಂಪರು ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತವೆ. ಮಲಬದ್ಧತೆ ಮಾತ್ರ ಎಂದೂ ಇಳಿಯುವುದಿಲ್ಲ, ಹಾಗಾಗಿ ಮಲ ಸಡಿಲಿಸುವ ಮಾತ್ರೆ ಮೊದಲ ದಿನದಿಂದಲೇ ಜೊತೆಗಿರಬೇಕು. ಮಾರ್ಫಿನ್ ಬೇಡವೆಂದು ಬಿಟ್ಟವರಲ್ಲಿ ಎಷ್ಟೋ ಮಂದಿ ಬಿಟ್ಟದ್ದು ಮಲ ಕಟ್ಟಿದ್ದಕ್ಕೆ. ಕಿಡ್ನಿ ದುರ್ಬಲವಾದವರಿಗೆ ಪ್ರಮಾಣ ಕಡಿಮೆ, ಅಂತರ ಹೆಚ್ಚು. ಎಬ್ಬಿಸಿದರೂ ಏಳದಷ್ಟು ಮಂಪರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಉಸಿರು ನಿಮಿಷಕ್ಕೆ ಎಂಟರ ಕೆಳಗಿಳಿಯುವುದು ಅಪಾಯದ ಗುರುತು. ಮಾತ್ರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಮೇದೋಜೀರಕದ ಕ್ಯಾನ್ಸರಿನ ಬೆನ್ನು ಸೀಳುವ ನೋವಿಗೆ ಹೊಟ್ಟೆಯ ಹಿಂದಿನ ನರಜಾಲಕ್ಕೆ ಕೊಡುವ ಸೂಜಿಯೂ ಉಂಟು. ಅರಿವಳಿಕೆ ವೈದ್ಯರಲ್ಲಿ ನೋವಿನ ಚಿಕಿತ್ಸೆ ಕಲಿತವರು ಅದನ್ನು ಮಾಡುತ್ತಾರೆ.

ಟ್ರಮಡಾಲ್ ಎಂಬ ನಡುವಿನ ಮೆಟ್ಟಿಲಿನ ಮಾತ್ರೆಯನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ತಂದಿದ್ದಾರೆ. ಚೀಟಿ ಇಲ್ಲದೆ ಅದನ್ನು ಕೊಡುವ ಅಂಗಡಿಯೂ ತಪ್ಪು, ಕೇಳುವ ಗಿರಾಕಿಯೂ ತಪ್ಪು. ಫಿಟ್ಸ್ ಇರುವವರಿಗೆ ಅದು ಅಪಾಯ.

ನಿದ್ದೆ ಮತ್ತು ಮನಸ್ಸಿನ ಬಗ್ಗೆ ಕೇಳಿದರೆ ರೋಗಿಗಳಿಗೆ ಬೇಸರ. ನೋವು ಸುಳ್ಳು ಎಂದು ನಾವು ಹೇಳುತ್ತಿದ್ದೇವೆ ಅಂದುಕೊಳ್ಳುತ್ತಾರೆ. ನೋವು ನಿಜವೇ. ನಿದ್ದೆಗೆಟ್ಟ ಮರುದಿನ ಅದೇ ನೋವು ಹೆಚ್ಚು ಕಾಡುವುದೂ ನಿಜ. ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು, ದುಡ್ಡಿಲ್ಲ.

ಈ ಪತ್ರದ ಮೂಲಕ ನಾವು ಕೇಳುವುದು ಮೂರು. ಎರಡೂ ಜಿಲ್ಲೆಗಳ ಔಷಧ ವ್ಯಾಪಾರಿಗಳು ಬಿಡಿ ಮಾತ್ರೆ ಕೊಡುವಾಗ ಕವರಿನ ಮೇಲೆ ಹೆಸರು, ಮಿಲಿಗ್ರಾಂ, ಅವಧಿ ಮುಗಿಯುವ ತಿಂಗಳು ಬರೆಯಲಿ, ಬಿಲ್ಲು ಕೊಡಲಿ. ಪಟ್ಟಿಯನ್ನು ಹೆಸರು ಮತ್ತು ದಿನಾಂಕ ಇರುವ ತುದಿ ಉಳಿಯುವಂತೆ ಎದುರು ತುದಿಯಿಂದ ಕತ್ತರಿಸಲಿ. ಔಷಧ ನಿಯಂತ್ರಣ ಇಲಾಖೆಯವರು ತಪಾಸಣೆಗೆ ಬಂದಾಗ ಬರೀ ಪರವಾನಗಿ ನೋಡದೆ ಗಲ್ಲಾಪೆಟ್ಟಿಗೆ ಪಕ್ಕದ ಬಿಡಿ ಸ್ಟೀರಾಯ್ಡ್ ಡಬ್ಬಿಯನ್ನೂ ತೆರೆದು ನೋಡಲಿ. ಬಾಯಿಂದ ಕೊಡುವ ಮಾರ್ಫಿನ್ ಯಾವ ಆಸ್ಪತ್ರೆಯಲ್ಲಿ, ವಾರದ ಯಾವ ದಿನ, ಯಾವ ಕೊಠಡಿಯಲ್ಲಿ ಸಿಗುತ್ತದೆ ಎಂಬುದನ್ನು ಎರಡೂ ಜಿಲ್ಲೆಗಳ ಆರೋಗ್ಯ ಇಲಾಖೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆಸಲಿ. ಓದುಗರು ಇಷ್ಟು ಮಾಡಲಿ: ಮನೆಯಲ್ಲಿ ಹೆಸರಿಲ್ಲದ ಕವರು ಇದ್ದರೆ ನಾಳೆ ಅದೇ ಅಂಗಡಿಗೆ ಒಯ್ದು, ಒಂದೊಂದು ಮಾತ್ರೆಯನ್ನೂ ತೋರಿಸಿ, 'ಇದರ ಹೆಸರು ಬರೆದುಕೊಡ್ರಿ' ಎಂದು ಕೇಳಲಿ.

ಇಂತಿ,
ನೋವಿನ ಚಿಕಿತ್ಸೆಯಲ್ಲಿ ತೊಡಗಿರುವ ಕೆಲವು ವೈದ್ಯರು, ಫಿಸಿಯೋಥೆರಪಿಸ್ಟರು ಮತ್ತು ಫಾರ್ಮಸಿಸ್ಟರು
ದಾವಣಗೆರೆ